ರೋಗಿಯ ಶಯ್ಯೆ ಮತ್ತು ಮದ್ಯದ ಬಟ್ಟಲು

ಆಸ್ಪತ್ರೆಯೆಂದರೆ ಪಥ್ಯದ ಮನೆ. ಅಲ್ಲಿಗೆ ಕಾಲಿಡುವವನು ತನ್ನ ಊಟ, ನಿದ್ರೆ, ಸ್ನಾನ, ಬಂಧುಗಳ ಭೇಟಿ ಇವೆಲ್ಲವನ್ನೂ ಕೆಲವು ದಿನಗಳ ಮಟ್ಟಿಗೆ ಅನ್ಯರ ವಿವೇಕಕ್ಕೆ ಒಪ್ಪಿಸಿಬಿಡುತ್ತಾನೆ. ಮನೆಯಲ್ಲಿ ಯಾರ ಮಾತಿಗೂ ಕಿವಿಗೊಡದ ಯಜಮಾನನು ಇಲ್ಲಿ ದಾದಿಯ ಒಂದು ಮಾತಿಗೆ ಮಣಿದು ಉಪ್ಪಿಲ್ಲದ ಗಂಜಿಯನ್ನು ಮೌನವಾಗಿ ಕುಡಿಯುತ್ತಾನೆ. ಗುಣಹೊಂದಬೇಕೆಂಬ ಆಸೆಯೇ ಈ ವಿಧೇಯತೆಯ ಮೂಲ. ಇಂತಹ ಸ್ಥಳದಲ್ಲಿ ರೋಗಿಗೆ ಮದ್ಯಪಾನಕ್ಕೆ ಅನುಮತಿ ಕೊಡಬಹುದೇ ಎಂಬ ಪ್ರಶ್ನೆಯನ್ನೆತ್ತಿದರೆ, ಅದು ಗುಡಿಯೊಳಕ್ಕೆ ಪಾದರಕ್ಷೆಯನ್ನು ಮೆಟ್ಟಿಕೊಂಡು ಹೋಗಬಹುದೇ ಎಂದು ಕೇಳಿದಂತೆ ಅನೇಕರಿಗೆ ತೋರೀತು. ಆದರೆ ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಪೂರ್ವಪಶ್ಚಿಮಗಳೆರಡರಲ್ಲಿಯೂ ಶತಮಾನಗಳಿಂದ ವೈದ್ಯರು, ನ್ಯಾಯಾಧೀಶರು, ಆಳುವವರು ಇದನ್ನು ಎದುರಿಸಿದ್ದಾರೆ. ಪಾನವನ್ನು ದ್ವೇಷಿಸುವವರೂ ಶಾಂತಚಿತ್ತದಿಂದ ಇದನ್ನು ಪರಿಶೀಲಿಸುವುದು ಅವಶ್ಯ. ಏಕೆಂದರೆ ಇದರ ಹಿಂದೆ ಮದ್ಯಕ್ಕಿಂತ ದೊಡ್ಡದಾದ ಇನ್ನೊಂದು ಪ್ರಶ್ನೆಯಿದೆ: ಅಸಹಾಯನಾಗಿ ಮಲಗಿರುವ ಮನುಷ್ಯನ ಬದುಕಿನ ಮೇಲೆ ಆರೈಕೆ ಮಾಡುವವರಿಗೆ ಎಷ್ಟು ಅಧಿಕಾರವಿದೆ?

ವಿಚಾರಕ್ಕೆ ತೊಡಗುವ ಮುನ್ನ ಒಂದು ಶಬ್ದದ ಗೊಂದಲವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ಕನ್ನಡ ನಾಡಿನಲ್ಲಿ ‘ನರ್ಸಿಂಗ್ ಹೋಂ’ ಎಂದರೆ ಹೆರಿಗೆ, ಶಸ್ತ್ರಚಿಕಿತ್ಸೆ ಮುಂತಾದವು ನಡೆಯುವ ಚಿಕ್ಕ ಖಾಸಗಿ ಆಸ್ಪತ್ರೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಅದೇ ಹೆಸರು ವೃದ್ಧರೂ ಅಶಕ್ತರೂ ತಮ್ಮ ಉಳಿದ ಆಯುಷ್ಯವನ್ನು ಕಳೆಯುವ ಆರೈಕೆಯ ಮನೆಗೆ ಸಲ್ಲುತ್ತದೆ. ಮೊದಲನೆಯದಕ್ಕೆ ಮನುಷ್ಯನು ಹೊರಬರುವ ಸಲುವಾಗಿ ಹೋಗುತ್ತಾನೆ. ಎರಡನೆಯದಕ್ಕೆ ಅಲ್ಲಿಯೇ ಉಳಿಯುವ ಸಲುವಾಗಿ ಹೋಗುತ್ತಾನೆ. ಈ ಭೇದವನ್ನು ಮರೆತು ಎರಡಕ್ಕೂ ಒಂದೇ ತೀರ್ಪನ್ನು ಕೊಡಹೊರಟರೆ ಯಾವುದಾದರೂ ಒಂದು ಕಡೆ ಅನ್ಯಾಯವಾಗುವುದು ನಿಶ್ಚಯ.

ಮದ್ಯಕ್ಕೂ ಮದ್ದಿಗೂ ಇರುವ ನಂಟು ಬಹಳ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಎಂಬತ್ತನಾಲ್ಕು ಬಗೆಯ ಆಸವಗಳ ಎಣಿಕೆಯಿದೆ. ಅದೇ ಗ್ರಂಥದ ಚಿಕಿತ್ಸಾಸ್ಥಾನದಲ್ಲಿ ‘ಮದಾತ್ಯಯ’ವೆಂಬ ಹೆಸರಿನಿಂದ, ಕುಡಿತದಿಂದ ಹುಟ್ಟುವ ರೋಗಗಳಿಗೇ ಒಂದು ಇಡೀ ಅಧ್ಯಾಯವನ್ನು ಮೀಸಲಿಡಲಾಗಿದೆ. ಗುಣವನ್ನು ಹೇಳಿದ ಗ್ರಂಥವೇ ಕೇಡನ್ನೂ ವಿವರವಾಗಿ ಹೇಳಿರುವುದು ಗಮನಾರ್ಹ. ಇಂದಿಗೂ ದಶಮೂಲಾರಿಷ್ಟ, ದ್ರಾಕ್ಷಾರಿಷ್ಟಗಳು ಊರೂರಿನ ಔಷಧಾಲಯಗಳಲ್ಲಿ ದೊರೆಯುತ್ತವೆ. ಅವುಗಳಲ್ಲಿ ಹುದುಗಿನಿಂದ ತಾನಾಗಿ ಉತ್ಪನ್ನವಾದ ಮದ್ಯಸಾರ ಇದ್ದೇ ಇರುತ್ತದೆ. ಬಾಣಂತಿಗೆ ಅರಿಷ್ಟವನ್ನು ಕುಡಿಸುವ ಅಜ್ಜಿಯನ್ನು ಯಾರೂ ಮದ್ಯ ಕುಡಿಸಿದಳೆಂದು ದೂರುವುದಿಲ್ಲ. ಅದನ್ನು ಚಮಚದಲ್ಲಿ ಅಳೆದು, ಸಮಾನ ನೀರು ಬೆರೆಸಿ, ಊಟದ ಅನಂತರ, ಇಷ್ಟು ದಿನವೆಂದು ಗೊತ್ತುಮಾಡಿ ಕೊಡಲಾಗುತ್ತದೆ. ಅಳತೆ, ಹೊತ್ತು, ಉದ್ದೇಶ, ಅವಧಿ ಈ ನಾಲ್ಕು ಇರುವಲ್ಲಿ ವಸ್ತುವು ಔಷಧವೆನಿಸುತ್ತದೆ. ಇವು ನಾಲ್ಕೂ ಕಳಚಿಬಿದ್ದಲ್ಲಿ ಅದೇ ವಸ್ತು ಚಟದ ದಾರಿಯನ್ನು ಹಿಡಿಯುತ್ತದೆ. ಮುಂದಿನ ಚರ್ಚೆಗೆಲ್ಲ ಈ ಸಾಮಾನ್ಯ ವಿವೇಕವೇ ಒರೆಗಲ್ಲು.

ಪಾಶ್ಚಾತ್ಯ ದೇಶಗಳ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ಮದ್ಯವು ಬ್ರೆಡ್ಡು ಹಾಲುಗಳಷ್ಟೇ ಸಹಜವಾದ ಪದಾರ್ಥವಾಗಿದ್ದಿತು. ಲಂಡನ್ನಿನ ಹಳೆಯ ಆಸ್ಪತ್ರೆಗಳ ಆಹಾರದ ಪಟ್ಟಿಗಳಲ್ಲಿ ರೋಗಿಯ ದಿನದ ಪಾಲಿನ ಬಿಯರ್ ಸೇರಿರುತ್ತಿದ್ದಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಸಿದ್ಧ ವೈದ್ಯ ರಾಬರ್ಟ್ ಬೆಂಟ್ಲಿ ಟಾಡ್ ಜ್ವರಪೀಡಿತರಿಗೆ ಬ್ರಾಂದಿಯನ್ನು ಧಾರಾಳವಾಗಿ ಕೊಡುವ ಪದ್ಧತಿಯನ್ನು ಬಲವಾಗಿ ಪ್ರತಿಪಾದಿಸಿದನು. ಅವನ ಹಿಂದಿನ ವೈದ್ಯರು ಜ್ವರಕ್ಕೆ ರಕ್ತವನ್ನು ಹರಿಯಿಸಿ ರೋಗಿಯನ್ನು ಮತ್ತಷ್ಟು ಕುಗ್ಗಿಸುತ್ತಿದ್ದರು. ಕುಗ್ಗಿದ ದೇಹಕ್ಕೆ ಬಲವನ್ನು ತುಂಬಬೇಕೆಂಬುದು ಟಾಡ್‌ನ ವಾದ. ರಕ್ತ ತೆಗೆಯುವ ಕ್ರೂರ ಪದ್ಧತಿಯಿಂದ ರೋಗಿಯನ್ನು ಪಾರುಮಾಡಿದುದರಲ್ಲಿ ಆ ವಾದಕ್ಕೆ ಬೆಲೆಯಿದೆ. ಆದರೆ ಬ್ರಾಂದಿಯೇ ಆ ಬಲವೆಂದು ತಿಳಿದುದು ತಪ್ಪಾಯಿತು. 1860ರಲ್ಲಿ ಟಾಡ್ ತೀರಿಕೊಂಡ ಮೇಲೂ ಅವನ ಮಾತಿನ ಪ್ರಭಾವ ವಾರ್ಡುಗಳಲ್ಲಿ ಬಹುಕಾಲ ಉಳಿಯಿತು.

ಇದಕ್ಕೆ ಪ್ರತ್ಯುತ್ತರವೆಂಬಂತೆ ಪಾನನಿರೋಧಿಗಳು 1873ರಲ್ಲಿ ಲಂಡನ್ನಿನಲ್ಲಿಯೇ ‘ಟೆಂಪರೆನ್ಸ್ ಹಾಸ್ಪಿಟಲ್’ ಎಂಬ ಆಸ್ಪತ್ರೆಯನ್ನು ತೆರೆದರು. ಅಲ್ಲಿ ಮದ್ಯವು ಆಹಾರದ ಪಟ್ಟಿಯಲ್ಲಿರಲಿಲ್ಲ. ಔಷಧವಾಗಿ ಕೊಡಬೇಕಾದರೂ ಅದು ಅಪರೂಪದ ಪ್ರಸಂಗವೆಂದು ಎಣಿಸಲ್ಪಡುತ್ತಿದ್ದಿತು. ಮದ್ಯವಿಲ್ಲದೆಯೂ ಜ್ವರ ಇಳಿಯುತ್ತದೆ, ಗಾಯ ಮಾಯುತ್ತದೆ, ರೋಗಿ ಮನೆಗೆ ನಡೆದು ಹೋಗುತ್ತಾನೆ ಎಂಬುದನ್ನು ಆ ಸಂಸ್ಥೆ ಬಾಯಿಮಾತಿನಿಂದಲ್ಲದೆ ಕಾರ್ಯದಿಂದ ತೋರಿಸಿಕೊಟ್ಟಿತು. ಮದ್ಯವನ್ನು ನಿಂದಿಸುವ ನೂರು ಭಾಷಣಗಳಿಗಿಂತ ಈ ಒಂದು ನಿದರ್ಶನ ಮಿಗಿಲು. ಕ್ರಮೇಣ ವೈದ್ಯವಿಜ್ಞಾನ ಬೆಳೆದಂತೆ ಬ್ರಾಂದಿಯ ಸ್ಥಾನವನ್ನು ನಿಜವಾದ ಔಷಧಗಳು ಆಕ್ರಮಿಸಿದವು.

ಅಮೆರಿಕದ ಅನುಭವ ಇನ್ನೊಂದು ಬಗೆಯದು. 1917ರಲ್ಲಿ ಅಲ್ಲಿನ ವೈದ್ಯಸಂಘವು ಮದ್ಯಸಾರಕ್ಕೆ ಔಷಧವೆಂಬ ಯೋಗ್ಯತೆಯಿಲ್ಲವೆಂಬ ಅಭಿಪ್ರಾಯವನ್ನು ಅಂಗೀಕರಿಸಿತು. 1920ರ ಜನವರಿಯಿಂದ ದೇಶಾದ್ಯಂತ ಪಾನನಿಷೇಧ ಜಾರಿಗೆ ಬಂದಿತು. ಆದರೆ ಕಾಯಿದೆಯು ವೈದ್ಯನ ಚೀಟಿಗೆ ಒಂದು ಕಿರುಬಾಗಿಲನ್ನು ತೆರೆದಿಟ್ಟಿತು: ಒಬ್ಬ ರೋಗಿಗೆ ಹತ್ತು ದಿನಗಳಿಗೆ ಒಂದು ಪೈಂಟಿಗೆ ಮೀರದಂತೆ ವಿಸ್ಕಿಯನ್ನು ಬರೆದುಕೊಡಬಹುದು. ಆ ಬಾಗಿಲು ತೆರೆದುದೇ ತಡ, ಮೊನ್ನೆಯವರೆಗೆ ಮದ್ಯಕ್ಕೆ ಔಷಧಗುಣವಿಲ್ಲವೆಂದಿದ್ದ ವೃತ್ತಿಯವರೇ ಲಕ್ಷಾಂತರ ಚೀಟಿಗಳನ್ನು ಬರೆದರು. 1922ರ ವೇಳೆಗೆ ಅದೇ ವೈದ್ಯಸಂಘದ ಸದಸ್ಯರ ಅಭಿಪ್ರಾಯವು ಅರ್ಧಕ್ಕರ್ಧ ಒಡೆದುಹೋಗಿದ್ದಿತು. ಈ ಮಿತಿಯನ್ನು ಪ್ರಶ್ನಿಸಿ ನ್ಯೂಯಾರ್ಕಿನ ವೈದ್ಯ ಸ್ಯಾಮ್ಯುಯೆಲ್ ಲ್ಯಾಂಬರ್ಟ್ ನ್ಯಾಯಾಲಯದ ಮೆಟ್ಟಿಲೇರಿದಾಗ, 1926ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಐವರು ನ್ಯಾಯಾಧೀಶರ ಬಹುಮತದಿಂದ ಮಿತಿಯನ್ನು ಎತ್ತಿಹಿಡಿಯಿತು. ನಾಲ್ವರು ಭಿನ್ನಾಭಿಪ್ರಾಯ ತಳೆದರು.

ಆ ಕಾಲದ ಒಂದು ಚೀಟಿ ಜಗತ್ಪ್ರಸಿದ್ಧವಾಗಿದೆ. 1931ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಜಕಾರಣಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕಿನ ಬೀದಿಯನ್ನು ದಾಟುವಾಗ ಕಾರಿಗೆ ಸಿಕ್ಕಿ ಗಾಯಗೊಂಡನು. ಅವನಿಗೆ ಚಿಕಿತ್ಸೆ ನೀಡಿದ ಡಾಕ್ಟರ್ ಆಟೊ ಪಿಕ್‌ಹಾರ್ಟ್ 1932ರ ಜನವರಿಯಲ್ಲಿ ಬರೆದುಕೊಟ್ಟ ಚೀಟಿಯಲ್ಲಿ, ಚೇತರಿಕೆಗೆ, ಅದರಲ್ಲಿಯೂ ಊಟದ ಹೊತ್ತಿನಲ್ಲಿ, ಮದ್ಯ ಆವಶ್ಯಕವೆಂದಿತ್ತು. ಪ್ರಮಾಣದ ಮೇಲ್ಮಿತಿಯನ್ನು ಗೊತ್ತುಮಾಡಿರಲಿಲ್ಲ. 250 ಘನ ಸೆಂಟಿಮೀಟರಿಗೆ ಕಡಿಮೆಯಾಗದಂತೆ ಕೆಳಮಿತಿಯನ್ನು ಮಾತ್ರ ಹಾಕಲಾಗಿತ್ತು. ಕೆಳಮಿತಿಯಿದ್ದು ಮೇಲ್ಮಿತಿಯಿಲ್ಲದ ಔಷಧವು ಯಾವ ವೈದ್ಯಗ್ರಂಥದಲ್ಲಿದೆ? ಓದಿದವರಿಗೆ ನಗು ಬರುವುದು ಸಹಜ. ಆದರೆ ಆ ನಗುವಿನ ಹಿಂದೆ ಒಂದು ಕಹಿಸತ್ಯ ಅಡಗಿದೆ. ಕಾಯಿದೆಯು ಬೀದಿಯ ಅಂಗಡಿಯನ್ನು ಮುಚ್ಚಿ ವೈದ್ಯನ ಲೇಖನಿಯನ್ನು ಅಂಗಡಿಯ ಬೀಗದ ಕೈಯಾಗಿ ಮಾಡಿದಾಗ ಕೆಡುವುದು ವೈದ್ಯವೃತ್ತಿಯ ಪ್ರಾಮಾಣಿಕತೆ. ರೋಗವಿಲ್ಲದವನೂ ರೋಗಿಯ ವೇಷ ಹಾಕಬೇಕಾಗುತ್ತದೆ. ಔಷಧವಲ್ಲದುದನ್ನು ಔಷಧವೆಂದು ಕರೆಯಬೇಕಾಗುತ್ತದೆ.

ಭಾರತಕ್ಕೂ ಈ ಇಕ್ಕಟ್ಟು ಅಪರಿಚಿತವಲ್ಲ. ಸಂವಿಧಾನದ 47ನೆಯ ಅನುಚ್ಛೇದವು ಮಾದಕ ಪಾನೀಯಗಳ ಸೇವನೆಯನ್ನು ನಿಷೇಧಿಸಲು ರಾಜ್ಯವು ಯತ್ನಿಸಬೇಕೆಂದು ನಿರ್ದೇಶಿಸುತ್ತದೆ. ಔಷಧದ ಉದ್ದೇಶಕ್ಕೆ ಮಾತ್ರ ವಿನಾಯಿತಿಯನ್ನು ಹೇಳುತ್ತದೆ. 1949ರ ಮುಂಬಯಿ ಪಾನನಿಷೇಧ ಕಾಯಿದೆಯ ಕೆಲವು ನಿಬಂಧನೆಗಳು ಮದ್ಯಸಾರವಿರುವ ಔಷಧಗಳನ್ನೂ ತಡೆಯುವಂತಿದ್ದುದರಿಂದ, 1951ರಲ್ಲಿ ಬಾಲ್ಸಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಷ್ಟು ಭಾಗವನ್ನು ರದ್ದುಗೊಳಿಸಿತು. ಅದೇ ಕಾಯಿದೆಯ ವಾರಸುದಾರನಾದ ಗುಜರಾತಿನಲ್ಲಿ ಆರೋಗ್ಯದ ಕಾರಣವನ್ನು ತೋರಿಸಿ, ವೈದ್ಯರ ಶಿಫಾರಸಿನ ಮೇಲೆ ಮದ್ಯದ ಪರವಾನಗಿಯನ್ನು ಪಡೆಯುವ ವ್ಯವಸ್ಥೆಯಿದೆ. ಒಂದು ಕಡೆ ಮದ್ಯವು ಆರೋಗ್ಯಕ್ಕೆ ಹಾನಿಕರವೆಂದು ಸಾರುವ ಸರಕಾರ, ಇನ್ನೊಂದು ಕಡೆ ಆರೋಗ್ಯದ ಹೆಸರಿನಲ್ಲಿಯೇ ಅದನ್ನು ಅನುಗ್ರಹಿಸುವುದು ಅಮೆರಿಕದ ಹಳೆಯ ಪಾಠವನ್ನು ನೆನಪಿಗೆ ತರುತ್ತದೆ.

ಈ ಇಕ್ಕಟ್ಟು ಅತ್ಯಂತ ತೀಕ್ಷ್ಣವಾಗಿ ಪ್ರಕಟವಾದುದು 2020ರಲ್ಲಿ ಕೇರಳದಲ್ಲಿ. ಕೊರೋನಾ ಸಾಂಕ್ರಾಮಿಕದ ನಿಮಿತ್ತ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಮದ್ಯದಂಗಡಿಗಳೂ ಮುಚ್ಚಿದವು. ದಿನವೂ ಕುಡಿದು ಅಭ್ಯಾಸವಾದ ದೇಹಗಳು ತತ್ತರಿಸಿದವು; ಕೇರಳದಿಂದಲೂ ಕರ್ನಾಟಕದಿಂದಲೂ ಆತ್ಮಹತ್ಯೆಗಳ ವರದಿಗಳು ಬಂದವು. ಮಾರ್ಚ್ 30ರಂದು ಕೇರಳ ಸರಕಾರವು, ಕುಡಿತ ನಿಂತುದರಿಂದ ಬಾಧೆಗೊಳಗಾದವರಿಗೆ ಸರಕಾರಿ ವೈದ್ಯರ ಚೀಟಿಯ ಆಧಾರದ ಮೇಲೆ ಮದ್ಯವನ್ನು ಒದಗಿಸುವಂತೆ ಆಜ್ಞೆ ಹೊರಡಿಸಿತು. ಸರಕಾರದ ಕಳವಳ ನಿಜವಾದುದೇ ಆಗಿದ್ದಿತು. ಆದರೆ ರಾಜ್ಯದ ಸರಕಾರಿ ವೈದ್ಯರು ಒಕ್ಕೊರಲಿನಿಂದ ವಿರೋಧಿಸಿದರು: ಈ ಬಾಧೆ ಒಂದು ರೋಗ, ಇದಕ್ಕೆ ಚಿಕಿತ್ಸೆಯಿದೆ, ಮದ್ಯವು ಆ ಚಿಕಿತ್ಸೆಯಲ್ಲ. ಏಪ್ರಿಲ್ 2ರಂದು ಕೇರಳದ ಉಚ್ಚ ನ್ಯಾಯಾಲಯವು ಆಜ್ಞೆಗೆ ತಡೆ ನೀಡಿತು. ಹಿಂದೆ ಅಮೆರಿಕದ ವೈದ್ಯನೊಬ್ಬನು ಮದ್ಯವನ್ನು ಬರೆಯುವ ಸ್ವಾತಂತ್ರ್ಯಕ್ಕಾಗಿ ನ್ಯಾಯಾಲಯಕ್ಕೆ ಹೋಗಿದ್ದನು. ಶತಮಾನ ಉರುಳುವಷ್ಟರಲ್ಲಿ ಭಾರತದ ವೈದ್ಯರು ಅದನ್ನು ಬರೆಯದಿರುವ ಸ್ವಾತಂತ್ರ್ಯಕ್ಕಾಗಿ ಹೋದರು. ವೈದ್ಯಶಾಸ್ತ್ರ ಎಷ್ಟು ದೂರ ನಡೆದುಬಂದಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ವೈದ್ಯರ ನಿಲುವಿನ ಆಧಾರವನ್ನು ತಿಳಿಯುವುದು ಲೇಸು. ಬಹುಕಾಲ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾನಾಶಗಳು ತೊಡಗುತ್ತವೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳೆತ ಬರಬಹುದು. ಎರಡು ಮೂರು ದಿನಗಳಾಗುವ ಹೊತ್ತಿಗೆ ಇಲ್ಲದುದನ್ನು ಕಾಣುವ, ಇದ್ದುದನ್ನು ಗುರುತಿಸದ ಸನ್ನಿ ಹಿಡಿಯಬಹುದು. ಸಕಾಲದಲ್ಲಿ ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೂ ಅಪಾಯ. ಕಾಲು ಮುರಿದುಕೊಂಡು ಆಸ್ಪತ್ರೆಗೆ ಸೇರಿದವನೊಬ್ಬನು ಮೂರನೆಯ ರಾತ್ರಿ ಹಾಸಿಗೆಯಿಂದೆದ್ದು ಕೂಗಾಡುವುದನ್ನು ಕಂಡವರು ಅದನ್ನು ದುರ್ಗುಣವೆಂದು ಬಗೆಯುತ್ತಾರೆ, ಅದು ರೋಗ. ಹಿಂದೆ ಕೆಲವು ಆಸ್ಪತ್ರೆಗಳಲ್ಲಿ ಇಂತಹವರಿಗೆ ಅಳೆದು ಮದ್ಯವನ್ನೇ ಕೊಡುತ್ತಿದ್ದರು. ಇಂದು ಡಯಾಜೆಪಾಮ್, ಲೊರಾಜೆಪಾಮ್ ಮುಂತಾದ ಔಷಧಗಳಿವೆ. ಮಿದುಳನ್ನು ಕಾಪಾಡಲು ‘ಬಿ1’ ಜೀವಸತ್ವವನ್ನು ಕೊಡಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಆದುದರಿಂದ ಆಸ್ಪತ್ರೆಗೆ ಬಂದ ರೋಗಿಯನ್ನು ‘ನೀನು ಕುಡಿಯುವೆಯಾ, ಎಷ್ಟು?’ ಎಂದು ಸಹಾನುಭೂತಿಯಿಂದ ಕೇಳುವುದು ಚಿಕಿತ್ಸೆಯ ಮೊದಲ ಹೆಜ್ಜೆ. ಛೀ ಎನ್ನುವ ಕಡೆ ರೋಗಿ ಸುಳ್ಳು ಹೇಳುತ್ತಾನೆ. ಆ ಸುಳ್ಳು ಅವನ ಪ್ರಾಣಕ್ಕೇ ಎರವಾಗಬಹುದು. ಹನ್ನೆರಡನೆಯ ಶತಮಾನದ ಶರಣಸಮೂಹವು ಹೆಂಡ ಮಾರುವ ಕಾಯಕದ ಮಾರಯ್ಯನನ್ನೂ ತನ್ನ ವಚನಕಾರರ ಸಾಲಿನಲ್ಲಿ ಕೂರಿಸಿಕೊಂಡಿತೆಂಬುದನ್ನು, ಕುಡಿದವನನ್ನು ಕಂಡು ಮೂಗು ಮುರಿಯುವವರು ನೆನೆಯಬೇಕು.

ಆಸ್ಪತ್ರೆಯಲ್ಲಿ ಮದ್ಯಸಾರವೇ ಪ್ರಾಣರಕ್ಷಕವಾಗುವ ಒಂದು ಸಂದರ್ಭವೂ ಉಂಟು. ಕಳ್ಳಭಟ್ಟಿಯಲ್ಲಿ ಬೆರೆತಿರುವ ಮಿಥೈಲ್ ಮದ್ಯಸಾರವು ದೇಹದಲ್ಲಿ ಒಡೆದು ಫಾರ್ಮಿಕ್ ಆಮ್ಲವಾಗಿ ಕಣ್ಣನ್ನು ಕುರುಡಾಗಿಸುತ್ತದೆ, ಉಸಿರನ್ನು ನಿಲ್ಲಿಸುತ್ತದೆ. 1981ರಲ್ಲಿ ಬೆಂಗಳೂರು ಪ್ರದೇಶದಲ್ಲಿ ಇಂತಹ ವಿಷಮದ್ಯಕ್ಕೆ 300ಕ್ಕೂ ಹೆಚ್ಚು ಜನ ಬಲಿಯಾದರು. 2024ರ ಜೂನಿನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ಸಾಧಾರಣ ಮದ್ಯಸಾರವನ್ನು ಅಳತೆಯಿಂದ ಕೊಟ್ಟರೆ, ದೇಹವು ಅದನ್ನು ಮೊದಲು ಒಡೆಯಲು ತೊಡಗಿ ವಿಷವನ್ನು ಹಾಗೆಯೇ ಬಿಡುವುದರಿಂದ, ಆ ವಿಷವು ಕೇಡು ಮಾಡದೆ ಹೊರಹೋಗಲು ಅವಕಾಶ ದೊರೆಯುತ್ತದೆ. ಫೊಮೆಪಿಜೋಲ್ ಎಂಬ ಬೇರೆ ಔಷಧವಿದ್ದರೂ ಅದು ದುಬಾರಿ, ಎಲ್ಲೆಡೆ ದೊರೆಯುವುದಿಲ್ಲ. ಮದ್ಯವನ್ನು ಕಡುವಾಗಿ ವಿರೋಧಿಸುವ ವೈದ್ಯನೂ ಇಲ್ಲಿ ಅದನ್ನು ಕೊಡಲು ಹಿಂಜರಿಯಲಾರನು. ಹಿಂಜರಿದರೆ ಅದು ಧರ್ಮವೆನಿಸದು. ವಸ್ತುವಿನ ಮೇಲಿನ ದ್ವೇಷಕ್ಕಿಂತ ರೋಗಿಯ ಹಿತ ದೊಡ್ಡದೆಂಬುದಕ್ಕೆ ಇದು ಉತ್ತಮ ನಿದರ್ಶನ.

ಈ ಅಪರೂಪದ ಸಂದರ್ಭವನ್ನು ಬಿಟ್ಟರೆ, ಗುಣಪಡಿಸುವ ಆಸ್ಪತ್ರೆಯಲ್ಲಿ ಮದ್ಯಕ್ಕೆ ಎಡೆಯಿರಬಾರದು. ಕಾರಣಗಳು ಸ್ಪಷ್ಟವಾಗಿವೆ. ಮದ್ಯವು ನಿದ್ರೆಯ ಗುಳಿಗೆಯೊಡನೆ ಸೇರಿದರೆ ಉಸಿರಾಟವನ್ನು ಕುಗ್ಗಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಯಲ್ಲಿ ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲುದು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವನಲ್ಲಿ ರಕ್ತಸ್ರಾವದ ಭಯವನ್ನು ಹೆಚ್ಚಿಸುತ್ತದೆ. ಮುದುಕರನ್ನು ಮುಗ್ಗರಿಸಿ ಬೀಳಿಸುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1988ರಲ್ಲಿಯೇ ಮದ್ಯವನ್ನು ಕ್ಯಾನ್ಸರಿಗೆ ನಿಶ್ಚಿತ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಹೇಳಿತು. ಇವೆಲ್ಲಕ್ಕೂ ಮಿಗಿಲಾಗಿ, ಸಾಮಾನ್ಯ ವಾರ್ಡಿನಲ್ಲಿ ಒಬ್ಬನ ಹಾಸಿಗೆಗೂ ಇನ್ನೊಬ್ಬನ ಹಾಸಿಗೆಗೂ ನಡುವೆ ಇರುವುದು ಎರಡೇ ಮೊಳ. ಒಬ್ಬನ ಬಟ್ಟಲಿನ ವಾಸನೆ, ನಿನ್ನೆಯಷ್ಟೇ ಕುಡಿತವನ್ನು ಬಿಡುವ ಸಂಕಲ್ಪ ಮಾಡಿದ ಪಕ್ಕದವನ ಮೂಗಿಗೆ ಬಡಿಯದಿರದು. ಗುಣವಾಗಲು ಬಂದವನಿಗೆ ಪಥ್ಯವು ಬಂಧನವಲ್ಲ. ಅವನೇ ಅರಸಿ ಬಂದ ಚಿಕಿತ್ಸೆಯ ಒಂದು ಭಾಗ.

ಇಷ್ಟರಮಟ್ಟಿಗೆ ಪಾನವಿರೋಧಿಗಳಿಗೆ ಸಂತೋಷವಾಗಬಹುದು. ಆದರೆ ವೃದ್ಧರ ಆರೈಕೆಯ ಮನೆಗೆ ಬಂದೊಡನೆ ವಿಷಯದ ಮುಖ ಬದಲಾಗುತ್ತದೆ. ಎಂಬತ್ತು ವರ್ಷದವನೊಬ್ಬನು ಅಲ್ಲಿಗೆ ಬಂದುದು ಹತ್ತು ದಿನಗಳ ಚಿಕಿತ್ಸೆಗಲ್ಲ. ಅದು ಅವನ ಮನೆ. ಬಹುಶಃ ಕೊನೆಯ ಮನೆ. ಹೊಲ, ಹಿತ್ತಿಲು, ಹೆಂಡತಿ, ಹಳೆಯ ಗೆಳೆಯರು, ಸ್ವಂತ ಅಡಿಗೆಯ ಒಲೆ ಇವೆಲ್ಲವನ್ನೂ ಕಳೆದುಕೊಂಡು ಬಂದವನಿಗೆ ಉಳಿದಿರುವುದು ಕೆಲವು ಚಿಕ್ಕ ಇಷ್ಟಾನಿಷ್ಟಗಳು ಮಾತ್ರ: ಯಾವ ಹೊತ್ತಿಗೆ ಏಳಬೇಕು, ಚಹಕ್ಕೆ ಎಷ್ಟು ಸಕ್ಕರೆ, ಸಂಜೆ ಯಾವ ಜಗಲಿಯಲ್ಲಿ ಕೂರಬೇಕು. ಇವುಗಳನ್ನೂ ಗಡಿಯಾರದ ಮುಳ್ಳಿಗೆ ಕಟ್ಟಿಬಿಟ್ಟರೆ ಆರೈಕೆಯ ಮನೆಗೂ ಕಾರಾಗೃಹಕ್ಕೂ ಭೇದವೇನು? 1987ರಲ್ಲಿ ಅಮೆರಿಕವು ಇಂತಹ ಮನೆಗಳ ನಿವಾಸಿಗಳಿಗೆ ಗೌರವ ಮತ್ತು ಸ್ವನಿರ್ಧಾರದ ಹಕ್ಕುಗಳನ್ನು ಕಾಯಿದೆಯ ಮೂಲಕ ಕೊಟ್ಟುದು ಈ ಕಾರಣದಿಂದಲೇ. ಊಟದೊಡನೆ ಒಂದು ಚಿಕ್ಕ ಲೋಟ ಮದ್ಯವನ್ನು ಕುಡಿಯುವುದು ಜೀವಮಾನದ ರೂಢಿಯಾಗಿರುವ ಸಮಾಜದಲ್ಲಿ ಹುಟ್ಟಿ ಬೆಳೆದ ಮುದುಕನಿಗೆ, ಅವನ ಮತಿ ಸ್ಥಿಮಿತವಾಗಿದ್ದು ಔಷಧಗಳೊಡನೆ ಘರ್ಷಣೆಯಿಲ್ಲವೆಂದು ವೈದ್ಯರು ಹೇಳಿದಲ್ಲಿ, ಅದನ್ನು ತಡೆಯುವ ನೈತಿಕ ಅಧಿಕಾರ ಮೇಲ್ವಿಚಾರಕನಿಗೆ ಎಲ್ಲಿಂದ ಬಂದೀತು?

ಮರಣದ ಹೊಸ್ತಿಲಿನಲ್ಲಿರುವವನ ವಿಷಯವಂತೂ ಇನ್ನೂ ಸೂಕ್ಷ್ಮವಾದುದು. 2014ರಲ್ಲಿ ಫ್ರಾನ್ಸ್ ದೇಶದ ಕ್ಲೆರ್ಮೊಂ–ಫೆರಾಂ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯು, ಗುಣವಾಗುವ ಆಸೆಯಿಲ್ಲದ ರೋಗಿಗಳ ಉಪಶಮನ ವಿಭಾಗದಲ್ಲಿ ದ್ರಾಕ್ಷಾಮದ್ಯವನ್ನು ಸವಿಯುವ ವ್ಯವಸ್ಥೆಯನ್ನು ಏರ್ಪಡಿಸಿತು. ವಿಭಾಗದ ಮುಖ್ಯಸ್ಥೆ ಡಾಕ್ಟರ್ ವರ್ಜಿನಿ ಗ್ವಾಸ್ತೆಲ್ಲಾ ಇದರ ಹಿಂದಿನ ಪ್ರೇರಣೆ. ವಾರ್ತೆಯನ್ನು ಓದಿದ ಅನೇಕರು ಆಸ್ಪತ್ರೆಯಲ್ಲಿ ಪಾನಗೃಹವೆಂದು ಹುಬ್ಬೇರಿಸಿದರು. ಆದರೆ ಅಲ್ಲಿ ನಡೆಯುವುದು ವೈದ್ಯರ ಕಣ್ಗಾವಲಿನಲ್ಲಿ ಸ್ವಲ್ಪವೇ ಸ್ವಲ್ಪ ಸವಿಯುವುದು. ಬಂಧುಗಳೊಡನೆ ಕುಳಿತು ಹಳೆಯ ದಿನಗಳನ್ನು ನೆನೆಯುವುದು. ಫ್ರಾನ್ಸಿನ ರೈತನಿಗೆ ದ್ರಾಕ್ಷಾಮದ್ಯವೆಂದರೆ ಕನ್ನಡ ನಾಡಿನ ಮುದುಕನಿಗೆ ಎಲೆಯಡಿಕೆ ಇದ್ದಂತೆ. ಮಣ್ಣು, ಸುಗ್ಗಿ, ಅತಿಥಿಸತ್ಕಾರ ಎಲ್ಲವೂ ಅದರಲ್ಲಿ ಅಡಕವಾಗಿವೆ. ಇನ್ನು ಹತ್ತು ದಿನಗಳು ಮಾತ್ರ ಬದುಕಲಿರುವವನ ಯಕೃತ್ತಿನ ಮುಂದಿನ ಕ್ಷೇಮವನ್ನು ಕುರಿತು ಅವನಿಗೆ ಬುದ್ಧಿವಾದ ಹೇಳುವುದರಲ್ಲಿ ವೈದ್ಯವೂ ಇಲ್ಲ, ದಯೆಯೂ ಇಲ್ಲ.

ಹಾಗೆಂದು ಇಲ್ಲಿಯೂ ಮದ್ಯವನ್ನು ಔಷಧವೆಂದು ಕರೆಯುವುದು ಸಲ್ಲದು. 1967ರಲ್ಲಿ ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸನ್ನು ಸ್ಥಾಪಿಸಿದ ಕಾಲದಲ್ಲಿ, ಕ್ಯಾನ್ಸರಿನ ನೋವಿಗೆ ಇಂಗ್ಲೆಂಡಿನಲ್ಲಿ ‘ಬ್ರಾಂಪ್ಟನ್ ಮಿಶ್ರಣ’ವೆಂಬ ದ್ರವ ಬಳಕೆಯಲ್ಲಿದ್ದಿತು, ಮಾರ್ಫಿನ್ ಮೊದಲಾದವುಗಳೊಡನೆ ಅದರಲ್ಲಿ ಮದ್ಯವನ್ನೂ ಬೆರೆಸುತ್ತಿದ್ದರು. 1970ರ ದಶಕದ ಅಧ್ಯಯನಗಳು, ಬಾಯಿಂದ ಕೊಡುವ ಮಾರ್ಫಿನ್ ಒಂದೇ ಅಷ್ಟೇ ಕೆಲಸ ಮಾಡುತ್ತದೆ, ಮಿಕ್ಕ ಬೆರಕೆಯಿಂದ ವಿಶೇಷ ಪ್ರಯೋಜನವಿಲ್ಲವೆಂದು ತೋರಿಸಿದವು. ಮಿಶ್ರಣ ಮೂಲೆಗೆ ಸೇರಿತು. ಆದರೂ ಬ್ರಿಟನ್ನಿನ ಅನೇಕ ಹಾಸ್ಪೀಸ್‌ಗಳಲ್ಲಿ ಊಟದ ಮುನ್ನ ಪಾನೀಯಗಳ ತಳ್ಳುಬಂಡಿ ಹಾಸಿಗೆಯಿಂದ ಹಾಸಿಗೆಗೆ ಸಾಗುವುದುಂಟು. ನೋವನ್ನು ನಿವಾರಿಸುವುದು ಅದರ ಕೆಲಸವಲ್ಲ. ‘ನಿಮಗೆ ಏನು ಬೇಕು?’ ಎಂದು ಅದು ಕೇಳುತ್ತದೆ. ಅಸಹಾಯನಾದವನನ್ನು ಹಾಗೆ ಕೇಳುವುದೇ ಅಲ್ಲಿನ ಸಾರ. ಉತ್ತರ ಹಣ್ಣಿನ ರಸವೆಂದಿರಲಿ, ಹಾಲೆಂದಿರಲಿ, ಷೆರಿಯೆಂದಿರಲಿ, ಅದು ಎರಡನೆಯ ಮಾತು.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕನ್ನಡ ನಾಡಿನ ಹಳ್ಳಿಗಳಲ್ಲಿ ಮದ್ಯವು ಊಟದ ಸಂಗಾತಿಯಾಗಿ ಬಂದಿಲ್ಲ, ಮನೆಮುರುಕನಾಗಿ ಬಂದಿದೆ. ಎತ್ತು, ಹೊಲ, ಹೆಂಡತಿಯ ತಾಳಿ ಇವುಗಳನ್ನು ನುಂಗಿದ ಮೇಲೆ ಯಜಮಾನನನ್ನೂ ಅದು ಆಸ್ಪತ್ರೆಯ ಹಾಸಿಗೆಗೆ ತಂದು ಕೆಡವುತ್ತದೆ. ಆ ಹಾಸಿಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು ಗಂಜಿ ಕುಡಿಸುತ್ತಿರುವವಳು, ಮೂವತ್ತು ವರ್ಷ ಅವನ ಹೊಡೆತವನ್ನು ಸಹಿಸಿದ ಹೆಂಡತಿ. ಕೊನೆಯ ಆಸೆಯೆಂದು ಅವಳ ಕಣ್ಣೆದುರಿಗೇ ಅವನ ಕೈಗೆ ಬಟ್ಟಲನ್ನಿತ್ತರೆ ಅದು ಯಾರಿಗೆ ದಯೆ, ಯಾರಿಗೆ ಹಿಂಸೆ? ಫ್ರಾನ್ಸಿನ ಮಾದರಿಯನ್ನು ಯಥಾವತ್ತಾಗಿ ತಂದಿಡಲು ಹೊರಡುವವರು ಈ ತಾಯಿಯ ಮುಖವನ್ನು ಒಮ್ಮೆ ನೋಡಬೇಕು. ಸಾಯುವವನ ಇಚ್ಛೆ ದೊಡ್ಡದು, ನಿಜ. ಆದರೆ ಬದುಕಿ ಉಳಿದು ಸಾಲ ತೀರಿಸಬೇಕಾದವಳ ನೋವು ಅದಕ್ಕಿಂತ ಚಿಕ್ಕದಲ್ಲ. ಇಂತಹ ಕಡೆ ಸಾಮಾನ್ಯ ನಿಯಮವೊಂದು ನಿಲ್ಲಲಾರದು. ಆ ಕುಟುಂಬವನ್ನು ಬಲ್ಲ ವೈದ್ಯನ ವಿವೇಕವೊಂದೇ ದಾರಿ ತೋರಬಲ್ಲುದು.

ಇನ್ನೊಂದು ಆಕ್ಷೇಪ ಸಂಸ್ಥೆಗಳ ಕಡೆಯಿಂದ ಬರುತ್ತದೆ. ಮದ್ಯವನ್ನು ಮುಟ್ಟಬಾರದೆಂಬ ವ್ರತದ ಮೇಲೆ ಕಟ್ಟಿದ ವೃದ್ಧಾಶ್ರಮವೋ ಆಸ್ಪತ್ರೆಯೋ ತನ್ನ ಅಂಗಳದಲ್ಲಿ ಅದಕ್ಕೆ ಎಡೆಗೊಡಬೇಕೆಂದು ಬಲಾತ್ಕರಿಸಬಹುದೇ? ಕೂಡದು. ಸಂಸ್ಥೆಗೂ ಅಂತಃಕರಣವಿದೆ, ಬಟ್ಟಲನ್ನು ಕೈಯಲ್ಲಿ ಹಿಡಿಯಲು ಒಲ್ಲೆನೆನ್ನುವ ದಾದಿಗೂ ಇದೆ. ಆದರೆ ಅಂತಹ ಸಂಸ್ಥೆ ತನ್ನ ನಿಯಮವನ್ನು ಸೇರುವಾಗಲೇ ಸ್ಪಷ್ಟವಾಗಿ ತಿಳಿಸಬೇಕು. ಒಪ್ಪಿ ಬಂದವನು ಆ ನಿಯಮವನ್ನು ತನ್ನದಾಗಿ ಮಾಡಿಕೊಳ್ಳುತ್ತಾನೆ. ಒಪ್ಪದವನು ಬೇರೆಡೆ ಆಶ್ರಯ ಅರಸುತ್ತಾನೆ. ಬೇರೆ ಗತಿಯಿಲ್ಲದೆ ಬಂದವನೊಡನೆ ಮಾತ್ರ ನಿಯಮವು ಕೊಂಚ ಮೃದುವಾಗಿ ವರ್ತಿಸಬೇಕು. 2007ರ ಹಿರಿಯ ನಾಗರಿಕರ ಕಾಯಿದೆಯು ನಿರ್ಗತಿಕ ವೃದ್ಧರಿಗಾಗಿ ಜಿಲ್ಲೆಗೊಂದಾದರೂ ಆಶ್ರಯಧಾಮದ ಕಲ್ಪನೆಯನ್ನು ಮುಂದಿಟ್ಟಿದೆ. ಅಂತಹ ಧಾಮಗಳನ್ನು ನಡೆಸುವವರು, ಬಡವನ ವೃದ್ಧಾಪ್ಯಕ್ಕೂ ಇಷ್ಟಾನಿಷ್ಟಗಳಿರುತ್ತವೆ ಎಂಬುದನ್ನು ಮರೆಯಬಾರದು.

ಹೀಗಿರುವಲ್ಲಿ, ಮರಣೋನ್ಮುಖರ ಸುಖದ ಮಾತನ್ನಾಡುವ ಭಾರತೀಯರು ಬಟ್ಟಲಿಗಿಂತ ಮೊದಲು ಗಮನಿಸಬೇಕಾದುದು ಬೇರೊಂದಿದೆ. 1985ರ ಮಾದಕವಸ್ತು ಕಾಯಿದೆಯ ಬಿಗಿಯಾದ ನಿಬಂಧನೆಗಳಿಗೆ ಅಂಜಿ ದೇಶದ ಅನೇಕ ಆಸ್ಪತ್ರೆಗಳು ಮಾರ್ಫಿನನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟವು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾಕ್ಟರ್ ಎಂ. ಆರ್. ರಾಜಗೋಪಾಲ್ ಮತ್ತು ಅವರ ಸಂಗಡಿಗರು ಆರಂಭಿಸಿದ ನೋವುಶಮನ ಕೇಂದ್ರದಂತಹ ಪ್ರಯತ್ನಗಳ ಫಲವಾಗಿ ಎಚ್ಚರ ಮೂಡಿ, 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಬೆಂಗಳೂರಿನ ಕರುಣಾಶ್ರಯವು ಗುಣವಾಗದ ಕ್ಯಾನ್ಸರ್ ರೋಗಿಗಳಿಗೆ ಹಣವನ್ನು ಪಡೆಯದೆ ಆರೈಕೆ ನೀಡುತ್ತಿದೆ. ಆದರೂ ದೂರದ ಹಳ್ಳಿಯಲ್ಲಿ ಕ್ಯಾನ್ಸರಿನಿಂದ ನರಳುವ ಎಷ್ಟೋ ಮಂದಿಗೆ ಮಾರ್ಫಿನ್ ತಲುಪುತ್ತಿಲ್ಲ. ಮದ್ಯದಂಗಡಿಯಿರುವ ಊರಿನಲ್ಲಿ ಮಾರ್ಫಿನಿನ ಗುಳಿಗೆ ದೊರೆಯದಿರುವುದು ಎಂತಹ ವಿಪರ್ಯಾಸ! ನೋವನ್ನು ಮರೆಯಲು ಕುಡಿಯುವ ರೋಗಿಗೆ ಬೇಕಾದುದು ನೋವಿಲ್ಲದ ಒಂದು ರಾತ್ರಿ. ಅದನ್ನು ಕೊಡಲಾರದ ಸಮಾಜವು ಅವನ ಕೈಯಲ್ಲಿನ ಬಟ್ಟಲನ್ನು ಹಳಿಯುವುದೂ ಸಲ್ಲದು. ಬಟ್ಟಲನ್ನಿತ್ತು ತನ್ನ ಕರ್ತವ್ಯ ತೀರಿತೆಂದು ಕೈತೊಳೆದುಕೊಳ್ಳುವುದೂ ಸಲ್ಲದು.

ಒಟ್ಟಿನಲ್ಲಿ ಹೇಳುವುದಾದರೆ, ಗುಣವಾಗಲು ಬಂದವನಿಗೆ ಪಥ್ಯ, ಚಟದಿಂದ ಬಳಲುವವನಿಗೆ ತಿರಸ್ಕಾರವಿಲ್ಲದ ಚಿಕಿತ್ಸೆ, ವಿಷಮದ್ಯಕ್ಕೆ ಸಿಕ್ಕವನಿಗೆ ವಿಳಂಬವಿಲ್ಲದ ಪ್ರತಿವಿಷ, ವೃದ್ಧನಿಗೆ ತನ್ನ ಮನೆಯಲ್ಲಿದ್ದಂತಹ ಸ್ವಾತಂತ್ರ್ಯ, ಸಾಯುವವನಿಗೆ ಮೊದಲು ನೋವಿನಿಂದ ಬಿಡುಗಡೆ, ಅನಂತರ ಅವನು ಕೇಳಿದ ಚಿಕ್ಕ ಸುಖ: ಇದು ನ್ಯಾಯವಾದ ಕ್ರಮ. ಎಲ್ಲಿಯೂ ಮದ್ಯವನ್ನು ಔಷಧದ ವೇಷದಲ್ಲಿ ಒಳತರಬಾರದು. ಎಲ್ಲಿಯೂ ವೈದ್ಯನ ಚೀಟಿ ಅಂಗಡಿಯ ಪರವಾನಗಿಯಾಗಬಾರದು. ಮದ್ಯವನ್ನು ಬಿಡುವುದು ಶ್ರೇಷ್ಠವಾದ ವ್ರತವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವ್ರತದ ಶ್ರೇಷ್ಠತೆಯಿರುವುದು ಅದನ್ನು ಹಿಡಿದವನ ಸಂಕಲ್ಪದಲ್ಲಿ. ಎದ್ದು ನಿಲ್ಲಲಾರದವನ ಬಟ್ಟಲನ್ನು ಕಸಿದುಕೊಂಡವನಿಗೆ ಆ ವ್ರತದ ಪುಣ್ಯ ಸೇರದು. ಕಸಿಸಿಕೊಂಡವನಿಗಂತೂ ಮೊದಲೇ ಸೇರದು. ವಿದ್ಯಾರ್ಥಿದೆಸೆಯಲ್ಲಿಯೇ ಸ್ವಂತ ಮನಸ್ಸಿನಿಂದ ಆ ವ್ರತವನ್ನು ಹಿಡಿದ ತರುಣನು ಮುಂದೆ ವೈದ್ಯನೋ ದಾದಿಯೋ ಆಗಿ ರೋಗಿಯ ಬಳಿ ನಿಂತಾಗ, ತನ್ನ ಬಾಳಿನಲ್ಲಿ ಕಠಿಣನೂ ಅನ್ಯರ ದೌರ್ಬಲ್ಯದಲ್ಲಿ ಮೃದುವೂ ಆಗಿದ್ದರೆ ಸಾಕು. ಆ ಹಾಸಿಗೆಯ ಬಳಿ ಏನನ್ನು ಕೊಡಬೇಕು, ಏನನ್ನು ತಡೆಯಬೇಕೆಂಬುದು ಅವನಿಗೆ ತಾನಾಗಿಯೇ ತಿಳಿಯುತ್ತದೆ.